ಕೌದಿ ಹೊದ್ದು ಬರುವ ಮಾನಿಟರ್

ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಇನ್ನೂ ಎದುರಿಗಿದ್ದವರ ಮುಖ ಗುರುತು ಹತ್ತದಷ್ಟು ಮಬ್ಬು. ಚಹಾದಂಗಡಿಯವ ಈಗಷ್ಟೇ ಒಲೆ ಹಚ್ಚಿದ್ದಾನೆ. ಸವದತ್ತಿ ಬಸ್ಸು ನಿಲ್ಲುವ ಜಾಗದಲ್ಲಿ ತಾರಾಬಾಯಿ ಕುಲಕರ್ಣಿ ಎದೆಗೆ ಒಂದು ಗಂಟು ಅವಚಿಕೊಂಡು ನಿಂತಿದ್ದಾರೆ. ಹಳೆಯ ಸೀರೆಗಳ ತುಂಡು ಸೇರಿಸಿ ಹೊಲಿದ ಕೌದಿ, ಅದರ ಮೇಲೆ ಅಡ್ಡಕ್ಕೂ ಉದ್ದಕ್ಕೂ ಬಿಗಿದ ಹಗ್ಗ. ಬಾಣಂತಿ ಮಗಳಿಗೆ ಹಾಸಿಗೆ ಒಯ್ಯುತ್ತಿದ್ದಾರೆಂದು ನೋಡಿದವರು ಅಂದುಕೊಳ್ಳಬೇಕು, ಹಾಗಿದೆ. ಒಳಗಿರುವುದು ಮನೆಯ ಕಂಪ್ಯೂಟರಿಗೆ ಹಚ್ಚುವ ಎಲ್‌ಸಿಡಿ ಮಾನಿಟರ್.

“ಕೆಳಗ ಇಡ್ರಿ ಬಾಯಾರ, ಬಸ್ಸು ಬರೂತನಕ ಕೈ ಸೋತು ಹೋಗ್ತಾವ,” ಅನ್ನುತ್ತೇನೆ.

“ಬ್ಯಾಡ್ರಿ. ಇವತ್ತ ಇದಕ್ಕ ಏನರ ಆತು ಅಂದ್ರ ನನ್ನ ಹತ್ರ ಇನ್ನೊಂದಿಲ್ಲ.”

ದನಿಯಲ್ಲಿ ಸಿಡುಕಿದೆ. ರಾತ್ರಿ ನಿದ್ದೆ ಆಗಿಲ್ಲ ಅನ್ನುವುದು ಕಣ್ಣು ನೋಡಿದರೇ ಗೊತ್ತಾಗುತ್ತದೆ. ಇವರ ಬಗ್ಗೆ ಪತ್ರಿಕೆಗೆ ಬರೆಯಲೆಂದು ಜೊತೆಗೆ ಹೊರಟ ನಾನು ಚಹಾ ತರಲು ಹೋಗುತ್ತೇನೆ.

ತಾರಾಬಾಯಿಯವರ ಕಸುಬು ಹೇಳಲು ಸುಲಭ. ಬೆಳಗಾವಿ, ಹುಬ್ಬಳ್ಳಿಯ ಕಚೇರಿಗಳು ಬೇಡವೆಂದು ಹೊರಗೆ ಹಾಕಿದ ಮಾನಿಟರುಗಳನ್ನು ತರುತ್ತಾರೆ. ಕೆಟ್ಟದ್ದನ್ನು ಬಿಚ್ಚಿ ರಿಪೇರಿ ಮಾಡುತ್ತಾರೆ. ಹೊಸದನ್ನು ಕೊಳ್ಳಲಾಗದ ಮನೆಗಳಿಗೆ, ಹೊಸದರ ಅರ್ಧ ಬೆಲೆಗಿಂತ ಕಡಿಮೆಗೆ ಕೊಡುತ್ತಾರೆ. ಕಿತ್ತೂರಿನಿಂದ ರಾಮದುರ್ಗದವರೆಗೆ ಇವರು ಹುಡುಕಿಕೊಟ್ಟ ಪರದೆಗಳ ಮುಂದೆ ಕುಳಿತು ಓದುವವರಿದ್ದಾರೆ, ಲೆಕ್ಕ ಬರೆಯುವವರಿದ್ದಾರೆ, ಲಗ್ನಪತ್ರಿಕೆ ಮಾಡುವವರಿದ್ದಾರೆ. ಹೆಚ್ಚಿನವರಿಗೆ ಇವರ ಹೆಸರೇ ಗೊತ್ತಿಲ್ಲ. ‘ಟಿವಿ ಬಾಯಾರು’ ಅಂದರೆ ಮಾತ್ರ ಅಂಗಡಿ ತೋರಿಸುತ್ತಾರೆ.

ಆ ಹೆಸರು ಬಂದದ್ದು ಗಂಡ ಕೃಷ್ಣಾಜಿಯವರಿಂದ. ಡಬ್ಬದಂಥ ಟಿವಿಗಳ ಕಾಲದಲ್ಲಿ ಅವರು ಊರಿಗೆಲ್ಲ ಬೇಕಾದ ರಿಪೇರಿಯವರು. ಮನೆತನ ಪೌರೋಹಿತ್ಯದ್ದು, ಇವರೊಬ್ಬರೇ ಪಂಚಾಂಗ ಬಿಟ್ಟು ಸ್ಕ್ರೂಡ್ರೈವರ್ ಹಿಡಿದವರು. ಡಬ್ಬದ ಟಿವಿಗಳು ಹೋದವು, ಅಂಗಡಿ ಭಣಭಣ ಅನ್ನತೊಡಗಿತು. ಅದೇ ಹೊತ್ತಿಗೆ ಅವರ ಕೈ ನಡುಗಲು ಶುರುವಾಯಿತು. ನಡುಗುವ ಕೈಯಲ್ಲಿ ಬೆಸುಗೆ ಹಾಕಲಾದೀತೇ? “ಅವರು ಖುರ್ಚಿ ಮ್ಯಾಲ ಕೂತು ಹೇಳೂದು, ನಾ ಬೆಸಗಿ ಹಾಕೂದು. ಮೊದಮೊದಲ ಭಾಳ ಬೈತಿದ್ರು. ಈಗ ಬೈಯೂದ ಬಿಟ್ಟಾರ. ನನಗ ಅದ ಬ್ಯಾಸರ,” ಎಂದು ತಾರಾಬಾಯಿ ನಗುತ್ತಾರೆ. ಇವತ್ತು ಕಂಡ ಮೊದಲ ನಗು ಇದು.

ಬಸ್ಸು ಬರುತ್ತದೆ. ಕಿಟಕಿ ಪಕ್ಕದ ಸೀಟಿನಲ್ಲಿ ಗಂಟನ್ನು ನೆಟ್ಟಗೆ ಕೂರಿಸಿ, ಅದಕ್ಕೆ ಭುಜ ಕೊಟ್ಟು ತಾವು ಕೂರುತ್ತಾರೆ. ಕಂಡಕ್ಟರ್ ಬಂದು ಕಣ್ಣರಳಿಸುತ್ತಾನೆ.

“ಏನ್ರಿ ಬಾಯಾರ, ಹಾಸಗಿಗೂ ಸೀಟು ಹಿಡದೀರಲ್ಲ?”

“ಅದಕ್ಕೂ ಒಂದು ಟಿಕೀಟು ಹರೀರಿ. ಎಬ್ಬಸಬ್ಯಾಡ್ರಿ ಅಷ್ಟ.”

ಇಷ್ಟೆಲ್ಲ ಯಾಕೆಂದರೆ, ಹೂಲಿಯಲ್ಲಿ ಇವತ್ತು ಬೆಳಿಗ್ಗೆ ಹತ್ತಕ್ಕೆ ಮೀನಾ ಎಂಬ ಹೆಣ್ಣುಮಗಳಿಗೆ ಪರೀಕ್ಷೆ ಇದೆ. ಮದುವೆಗೆ ಮೊದಲು ಸವದತ್ತಿಯಲ್ಲಿ ಡಿಟಿಪಿ ಅಂಗಡಿಯಲ್ಲಿ ಕನ್ನಡ ಟೈಪ್ ಮಾಡುತ್ತಿದ್ದವರು. ಈಗ ಕೈಯಲ್ಲಿ ಕೂಸು. ಗಂಡ ವಿಜಯ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುತ್ತಾರೆ, ಹಂಗಾಮು ಮುಗಿಯುವವರೆಗೆ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆ ಕಡೆಯೇ ಇರುತ್ತಾರೆ. ಹುಬ್ಬಳ್ಳಿಯ ಒಂದು ಮುದ್ರಣಾಲಯ ಮನೆಯಲ್ಲೇ ಕುಳಿತು ಪುಸ್ತಕ ಟೈಪ್ ಮಾಡುವವರನ್ನು ತೆಗೆದುಕೊಳ್ಳುತ್ತಿದೆ. ಸ್ವಂತ ಕಂಪ್ಯೂಟರ್ ಬೇಕು, ಅದರ ಮೇಲೆಯೇ, ವಿಡಿಯೋ ಕರೆಯಲ್ಲಿ ಅವರ ಕಣ್ಣೆದುರು ಟೈಪ್ ಮಾಡಿ ತೋರಿಸಬೇಕು. ಇವತ್ತೇ ಆಯ್ಕೆಯ ಕೊನೆಯ ದಿನ. ಮೀನಾಳ ಅಣ್ಣ ತನ್ನ ಹಳೆಯ ಸಿಪಿಯು ಕೊಟ್ಟಿದ್ದ, ಮಾನಿಟರ್ ಇರಲಿಲ್ಲ.

ಅದನ್ನು ಕೊಳ್ಳಲು ಮೀನಾ ಬಂದ ಆದಿತ್ಯವಾರ ನಾನೂ ಅಂಗಡಿಯಲ್ಲಿದ್ದೆ. ಮೀನಾಳ ಕಣ್ಣು ಹೋದದ್ದು ಅಗಲವಾದ, ಮಿರಿಮಿರಿ ಮಿಂಚುವ ಒಂದು ಸೆಟ್ಟಿನ ಮೇಲೆ. ತಾರಾಬಾಯಿ ಬೆಲೆ ಹೇಳಲಿಲ್ಲ.

“ಕೂಡೂ ಜಾಗಾದಾಗ ಕಿಟಕಿ ಎಲ್ಲದ?”

“ಬೆನ್ನ ಹಿಂದ ಐತ್ರಿ.”

“ಹಂಗಾದ್ರ ಮಿಂಚೂದು ಬ್ಯಾಡ. ದಿನಾ ನಿಮ್ಮ ಮಾರಿ ನೀವ ನೋಡ್ಕೋತ ಕೂಡಬೇಕಾಗ್ತದ. ಏನ್ ಮಾಡವ್ರು ಅದರಾಗ?”

“ಟೈಪಿಂಗ್ರಿ. ಪುಸ್ತಕದ್ದು.”

“ಪುಸ್ತಕಕ್ಕ ಅಗಲ ಯಾಕ? ಎತ್ತರ ಇದ್ರ ಪುಟ ಪೂರ್ತಿ ಕಾಣ್ತದ. ಸಿಪಿಯು ಹಿಂದಿನ ಫೋಟೊ ತಂದೀರೇನು?”

ಆ ಫೋಟೊ ಇಲ್ಲದೆ ಇವರು ಮಾತೇ ಮುಂದುವರಿಸುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಮೊಬೈಲಿನಲ್ಲಿ ಹೊಸ ಮಾನಿಟರ್ ತರಿಸಿ, ಹಳೆಯ ಸಿಪಿಯುಗೆ ಅದರ ಕೇಬಲ್ ಕೂರದೆ, ತಲೆ ಮೇಲೆ ಕೈಹೊತ್ತು ಬಂದವರನ್ನು ಇವರು ಬೇಕಾದಷ್ಟು ನೋಡಿದ್ದಾರೆ. ಮೀನಾಳ ಫೋಟೊದಲ್ಲಿ ಕೇಬಲ್ ಸಿಕ್ಕಿಸಲು ನೀಲಿ ಬಣ್ಣದ ಹಳೆಯ ಕಿಂಡಿ ಇತ್ತು. ತಾರಾಬಾಯಿ ಮೂಲೆಯಿಂದ ಒಂದು ಚೌಕನೆಯ ಸೆಟ್ಟು ತೆಗೆದು ಹಚ್ಚಿದರು. ಪರದೆಯನ್ನು ಪೂರ್ತಿ ಬೆಳ್ಳಗೆ ಮಾಡಿ ಸತ್ತ ಚುಕ್ಕೆ ಇದೆಯೇ ನೋಡಿದರು, ಪೂರ್ತಿ ಕಪ್ಪು ಮಾಡಿ ಅಂಚಿನಿಂದ ಬೆಳಕು ಸೋರುತ್ತದೆಯೇ ನೋಡಿದರು. ಆಮೇಲೆ ಮೀನಾಳನ್ನು ಕೂರಿಸಿ ಸಣ್ಣ ಅಕ್ಷರದಲ್ಲಿ ‘ಲಕ್ಷ್ಮಿ’, ‘ರಾಷ್ಟ್ರ’ ಎಂದು ಟೈಪ್ ಮಾಡಿಸಿದರು.

“ಇಂಗ್ಲಿಷ್ ಎಂಥಾ ಪರದೆದಾಗೂ ಕಾಣ್ತದ. ನಮ್ಮ ಒತ್ತಕ್ಷರ ಬಿಡಿಬಿಡಿಯಾಗಿ ಕಾಣಬೇಕು. ಕಾಣ್ತಾವೇನು?”

“ಕಾಣತಾವ್ರಿ.”

ಇವರದು ಇನ್ನೊಂದು ನಿಯಮವಿದೆ: ಯಾವ ಸೆಟ್ಟನ್ನೂ ಒಂದು ಹಗಲು ಪೂರ್ತಿ ಹಚ್ಚಿಟ್ಟು ನೋಡದೆ ಕೊಡುವುದಿಲ್ಲ. ತಣ್ಣಗಿದ್ದಾಗ ಸರಿಯಾಗಿದ್ದದ್ದು ಕಾದ ಮೇಲೆ ಕೈಕೊಡಬಹುದು. “ಮಂಗಳವಾರ ಪರೀಕ್ಷಾ ಐತ್ರಿ, ಇವತ್ತ ಕೊಡ್ರಿ, ನಾಳೆ ಬರಾಕ ಆಗಂಗಿಲ್ಲ, ಕೂಸಿಗೆ ಜ್ವರ,” ಎಂದು ಮೀನಾ ಕೈಹಿಡಿದರು. ತಾರಾಬಾಯಿ ಒಂದು ಗಳಿಗೆ ಗಂಡನ ಮುಖ ನೋಡಿದರು. ಕೊಟ್ಟುಬಿಟ್ಟರು.

ಸೋಮವಾರ ದೀಪ ಹಚ್ಚುವ ಹೊತ್ತಿಗೆ ಹೂಲಿಯಿಂದ ಫೋನು ಬಂತು. ಪರದೆಯ ತುಂಬ ಕೆಳಗಿನಿಂದ ಮೇಲೆ ಕರಿ ಗೆರೆ. ಹಗಲೆಲ್ಲ ಸರಿಯಿತ್ತು, ಸಂಜೆ ಹಚ್ಚಿದರೆ ಹೀಗಾಗಿದೆ. ಮೀನಾ ಅಳುತ್ತಿದ್ದರಂತೆ.

“ನಂದ ತಪ್ಪು,” ಬಸ್ಸಿನಲ್ಲಿ ತಾರಾಬಾಯಿ ಹೇಳುತ್ತಾರೆ. “ಒಂದ ದಿನ ಹಚ್ಚಿಟ್ಟಿದ್ರ ಇಲ್ಲೇ ತಿಳೀತಿತ್ತು. ಆ ಹುಡಿಗಿ ಕೈ ಹಿಡದ್ಳು, ನಾ ಕರಗಿದೆ. ಈಗ ಆಕಿ ಕೆಲಸ ಹೋದ್ರ ನನ್ನಿಂದ ಹೋತು.”

“ಇದು ಯಾವ ಸೆಟ್ಟು ಮತ್ತ?”

“ನಮ್ಮವರು ದಿನಾ ನೋಡೂದು. ನಮ್ಮ ಕೌಂಟರ್ ಮ್ಯಾಲಿಂದು. ಇದೊಂದರ ಮ್ಯಾಲ ನನಗ ನಂಬಗಿ ಅದ. ಅವರ ಬಿಚ್ಚಿಕೊಟ್ರು, ತುಟಿ ಪಿಟಕ್ಕನಲಿಲ್ಲ.”

ಮುನವಳ್ಳಿ ಹತ್ತಿರ ಬಸ್ಸು ಗಿಜಿಗಿಜಿ ತುಂಬುತ್ತದೆ. ಉಳ್ಳಾಗಡ್ಡಿ ಚೀಲ ಹೊತ್ತ ಒಬ್ಬ ಧಡೂತಿ ಮನುಷ್ಯ ನಮ್ಮ ಸೀಟಿಗೇ ಒರಗಿ ನಿಲ್ಲುತ್ತಾನೆ. ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡ ಬರುತ್ತದೆ. ಡ್ರೈವರ್ ಗಕ್ಕನೆ ಬ್ರೇಕ್ ಹಾಕುತ್ತಾನೆ. ಚೀಲ ಸಮೇತ ಆ ಮನುಷ್ಯ ಕೌದಿಯ ಮೇಲೆ ಬೀಳುತ್ತಾನೆ. ಒಳಗೆಲ್ಲೋ ‘ಟಕ್’ ಎಂದದ್ದು ನನಗೂ ಕೇಳುತ್ತದೆ.

“ಕಣ್ಣ ಕಾಣೂದಿಲ್ಲೇನೋ ಮಾರಾಯಾ!” ಎಂದು ನಾನೇ ಕೂಗುತ್ತೇನೆ. ಪಾಪ, ಅವನದೇನು ತಪ್ಪು! ಅವನು ತಬ್ಬಿಬ್ಬಾಗಿ, “ಹಾಸಗಿ ಐತಲ್ರೀ, ಏನಾಕ್ಕೈತಿ?” ಅನ್ನುತ್ತಾನೆ.

ತಾರಾಬಾಯಿ ಮಾತ್ರ ಬಯ್ಯುವುದಿಲ್ಲ. ಅಂಗೈಯನ್ನು ಕೌದಿಯ ಮೇಲೆ ಮೆಲ್ಲಗೆ ಆಡಿಸುತ್ತಾರೆ, ಜ್ವರ ಬಂದ ಕೂಸನ್ನು ಮುಟ್ಟಿ ನೋಡುವಂತೆ.

“ಬಿಚ್ಚಿ ನೋಡ್ರಿ ಬಾಯಾರ.”

“ಬಿಚ್ಚಿದ್ರ ತಿಳೀಯೂದಿಲ್ಲ. ಹಚ್ಚಿದ್ರನ ತಿಳೀತದ.”

ಸವದತ್ತಿಯಿಂದ ಹೂಲಿಗೆ ಟಂಟಂ ಆಟೋ. ಒಂದೊಂದು ತಗ್ಗು ಬಂದಾಗಲೂ ಅವರು ಗಂಟನ್ನು ತೊಡೆಯಿಂದ ಮೇಲೆತ್ತಿ ಹಿಡಿಯುತ್ತಾರೆ. ನನಗೆ ಡ್ರೈವರನ ಮೇಲೆ, ರಸ್ತೆ ಮಾಡಿದವರ ಮೇಲೆ, ಒಟ್ಟು ಜಗತ್ತಿನ ಮೇಲೆ ಸಿಟ್ಟು ಬರುತ್ತದೆ. ಊರಿನ ಹಳೆಯ ಗುಡಿಗಳನ್ನು ದಾಟಿ ಓಣಿಯೊಳಗೆ ಹೋಗುವಷ್ಟರಲ್ಲಿ ಒಂಬತ್ತು ಹೊಡೆದಾಗಿದೆ.

ಬಾಗಿಲಲ್ಲೇ ಮೀನಾ ನಿಂತಿದ್ದಾರೆ, ಬಗಲಲ್ಲಿ ಕೂಸು. ಹಿಂದೆ ಅತ್ತೆ ರಾಚವ್ವ. “ಬರ್ರಿ ಬಾಯಾರ, ಮೊದಲ ನೀರ ಕುಡೀರಿ,” ಎನ್ನುತ್ತಾರೆ ರಾಚವ್ವ. ಸೊಸೆಗೆ ಈ ಕೆಲಸ ಸಿಗಲೇಬೇಕೆಂದು ಹಟ ಹಿಡಿದವರು ಈ ಅತ್ತೆಯೇ. ಕಂಪ್ಯೂಟರ್ ಇಡಲು ಜಾಗ ಬೇಕೆಂದು ಕಾಳಿನ ಚೀಲಗಳನ್ನೆಲ್ಲ ಪಡಸಾಲೆಗೆ ಸಾಗಿಸಿ ಒಂದು ಖೋಲಿ ಖಾಲಿ ಮಾಡಿಕೊಟ್ಟಿದ್ದಾರೆ.

ತಾರಾಬಾಯಿ ನೀರು ಮುಟ್ಟದೆ ಒಳಗೆ ಹೋಗುತ್ತಾರೆ. ಕೆಟ್ಟ ಮಾನಿಟರನ್ನು ಒಮ್ಮೆ ಹಚ್ಚಿ ನೋಡುತ್ತಾರೆ. ಗೆರೆಗಳು ನಿಜವೇ. “ಎಲ್ಯರೆ ಬಡದಿತ್ತೇನು? ನೀರು ಬಿತ್ತೇನು?”

“ಇಲ್ರೀ, ಯಾರೂ ಮುಟ್ಟಿಲ್ಲ. ಕೂಸನ್ನೂ ಒಳಗ ಬಿಟ್ಟಿಲ್ಲ.”

ತಾರಾಬಾಯಿಯವರ ಮುಖ ಇಳಿದುಹೋಗುತ್ತದೆ. ಇನ್ನೇನು ಉಳಿಯಿತು, ತಮ್ಮದೇ ತಪ್ಪು. ಕೌದಿಯ ಹಗ್ಗ ಬಿಚ್ಚುತ್ತಾರೆ. ಗಾಜು ನೋಡಲು ನೆಟ್ಟಗಿದೆ. ಕೇಬಲ್ ಸಿಕ್ಕಿಸುತ್ತಾರೆ, ಗುಂಡಿ ಒತ್ತುತ್ತಾರೆ.

ಕತ್ತಲೆ. ಮೂಲೆಯಲ್ಲಿ ಹಳದಿ ದೀಪ ಮಿಣಕ್ ಮಿಣಕ್ ಅನ್ನುತ್ತದೆ, ಪರದೆ ಮಾತ್ರ ಕಪ್ಪು.

ನನಗೆ ಆ ಉಳ್ಳಾಗಡ್ಡಿ ಚೀಲವೇ ಕಣ್ಣ ಮುಂದೆ ಬರುತ್ತದೆ. ತಾರಾಬಾಯಿ ಕೇಬಲ್ ಕಿತ್ತು, ಅದರ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. “ನಿನ್ನೆ ಇದನ್ನ ತಗದು ಹಾಕಿದ್ರೇನು?”

“ಭಾಳ ಸಲ ತಗದು ಹಾಕೇನ್ರಿ, ಗೆರಿ ಹೋಗತಾವೇನಂತ.”

ಹಾಗೆ ಸಡಿಲಾಗಿದ್ದ ಒಂದು ಕಡ್ಡಿ ಈಗ ಸಿಕ್ಕಿಸುವಾಗ ಬಾಗಿದೆ. ಸೀರೆಯ ಮಡಿಕೆಗೆ ಚುಚ್ಚಿಕೊಂಡ ಪಿನ್ನು ತೆಗೆದು ಅದನ್ನು ನೆಟ್ಟಗೆ ಮಾಡುತ್ತಾರೆ. ಮತ್ತೆ ಸಿಕ್ಕಿಸುತ್ತಾರೆ.

ಪರದೆ ಬೆಳಗುತ್ತದೆ! ಬೆಳ್ಳಗೆ, ಒಂದು ಗೆರೆ ಇಲ್ಲ, ಒಂದು ಚುಕ್ಕೆ ಇಲ್ಲ. ಅಬ್ಬಾ! ಮೀನಾ ಕೂಸಿನ ಕೆನ್ನೆಗೆ ಮುಖ ಒತ್ತಿ ಅತ್ತೇಬಿಡುತ್ತಾರೆ. ನಾನು ಗೋಡೆಗೆ ಒರಗುತ್ತೇನೆ. ಗಡಿಯಾರದಲ್ಲಿ ಹತ್ತಕ್ಕೆ ಇನ್ನೂ ಸಮಯವಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ರಾಚವ್ವ ದೇವರ ಖೋಲಿಯಿಂದ ಬರುತ್ತಾರೆ. ಒಂದು ಕೈಯಲ್ಲಿ ತಂಬಿಗೆ, ಇನ್ನೊಂದರಲ್ಲಿ ನೀರಲ್ಲಿ ಕಲಸಿದ ವಿಭೂತಿ. ನೇರ ಪರದೆಯ ಮುಂದೆ ನಿಂತು “ಶಿವಶಿವಾ” ಎನ್ನುತ್ತ ತೊಟ್ಟಿಕ್ಕುವ ಮೂರು ಬೆರಳು ಚಾಚುತ್ತಾರೆ.

“ಏ, ತಡೀರಿ!”

ತಾರಾಬಾಯಿ ಹಾರಿ ಬಂದು ರಾಚವ್ವನ ಮಣಿಕಟ್ಟು ಹಿಡಿದಿದ್ದಾರೆ. ಬೆರಳಿಗೂ ಪರದೆಗೂ ನಡುವೆ ಒಂದು ಗೇಣೂ ಇಲ್ಲ. ವಿಭೂತಿಯ ನೀರು ಹನಿಹನಿಯಾಗಿ ಮೇಜಿನ ಮೇಲೆ ಬೀಳುತ್ತದೆ. ವಿಭೂತಿ ಹಿಡಿದ ಹಿರಿಯರ ಕೈಯನ್ನು ಹೀಗೆ ಅವರ ಮನೆಯಲ್ಲೇ ಯಾರಾದರೂ ತಡೆಯುತ್ತಾರೆಯೇ?

“ವಿಭೂತಿ ಹಚ್ಚಬ್ಯಾಡ ಅಂತೀರೇನ್ರಿ ಬಾಯಾರ?” ರಾಚವ್ವನ ದನಿ ತಣ್ಣಗಿದೆ. “ಹೊಸಾ ಸಾಮಾನು ವಿಭೂತಿ ಇಲ್ದ ಚಾಲೂ ಮಾಡೂದಿಲ್ಲ ನಮ್ಮ ಮನ್ಯಾಗ. ಅದಕ್ಕೂ ನಿನ್ನೆ ಮುಂಜಾನೆ ನಾನ ಹಚ್ಚೇನಿ. ಸ್ವಾಮಾರ, ಶಿವನ ವಾರ, ಒಳ್ಳೇ ದಿನ.”

“ನಿನ್ನೆ ಹಚ್ಚಿದ್ರೇನು? ಇದ ಹಂಗ, ನೀರ ಹಚ್ಚಿ?”

“ಹೂಂ. ತುಸು ನೀರ ಚಿಮುಕಿಸಿ, ವಿಭೂತಿ ಹಚ್ಚಿ, ಕುಂಕುಮ ಇಟ್ಟೆ. ಆಮ್ಯಾಲ ಈಕಿಗೆ ಅಕ್ಷರ ಕಾಣೂದಿಲ್ಲಂತ ಹಸಿ ಅರಬಿಲೆ ವರಸೇನಿ.”

ಆ ಹೊತ್ತಿನಲ್ಲಿ ಮೀನಾ ಹಿತ್ತಲಲ್ಲಿ ಕೂಸಿಗೆ ಉಣಿಸುತ್ತಿದ್ದರು. ತಾರಾಬಾಯಿ ಕೆಟ್ಟ ಮಾನಿಟರನ್ನು ಬೆಳಕಿಗೆ ತಿರುಗಿಸುತ್ತಾರೆ. ಕೆಳಗಿನ ಅಂಚಿನ ಸಂದಿಯಲ್ಲಿ ಒಣಗಿದ ವಿಭೂತಿಯ ಬಿಳಿಯ ಸಣ್ಣ ಪದರು. ನೀರು ಅಲ್ಲಿಂದಲೇ ಮೆಲ್ಲಗೆ ಇಳಿದು, ಸಂಜೆ ಹೊತ್ತಿಗೆ ಒಳಗಿನ ಜೋಡಣೆಗೆ ತಾಕಿದೆ ಎಂದು ತೋರಿಸುತ್ತಾರೆ.

ಕೇಳಿದ ರಾಚವ್ವ ಇದ್ದಲ್ಲೇ ಕುಸಿದು ಕೂರುತ್ತಾರೆ. “ಅಯ್ಯ ಶಿವನ! ನನ್ನ ಕೈಯಾರ ಕೆಡಿಸಿದ್ನೇನ್ರಿ? ವಿಭೂತಿಲೆ ಕೆಡುಕ ಆಕ್ಕೈತಿ ಅಂತ ಯಾರರ ತಿಳಕೊಂತಾರೇನ್ರಿ?” ಸೊಸೆಯ ಮುಖ ನೋಡುವ ಧೈರ್ಯ ಅವರಿಗಿಲ್ಲ. ಅದನ್ನು ನೋಡಿ ನನಗೂ ಕಣ್ಣು ತುಂಬಿ ಬರುತ್ತದೆ.

ತಾರಾಬಾಯಿ ಅವರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರುತ್ತಾರೆ. “ರಾಚವ್ವಾ, ಅಳೂದು ಹತ್ತ ಗಂಟೆ ಆದ ಮ್ಯಾಲ. ಈಗ ಏಳ್ರಿ, ವಿಭೂತಿ ಹಚ್ಚರಿ.”

“ಎಲ್ಲಿ ಹಚ್ಚಲ್ರೀ ಇನ್ನ?”

“ಇಲ್ಲಿ.” ಮಾನಿಟರ್ ನಿಂತ ಕಪ್ಪು ಪೀಠವನ್ನು ತೋರಿಸುತ್ತಾರೆ. “ಮಾರಿಗೆ ಬ್ಯಾಡ, ಪಾದಕ್ಕ ಹಚ್ಚರಿ. ನಿಮ್ಮ ಮನ್ಯಾಗ ಸ್ವಾಮಿಗಳು ಬಂದ್ರ ಮೊದಲ ಪಾದಪೂಜಿ ಅಲ್ಲೇನು? ಒಣಾ ವಿಭೂತಿ ಹಚ್ಚರಿ, ನೀರ ಬ್ಯಾಡ.”

ರಾಚವ್ವ ಒಂದು ಗಳಿಗೆ ಅವರನ್ನೇ ನೋಡುತ್ತಾರೆ. ಎದ್ದು, ಸೆರಗಿಗೆ ಕೈ ಒರೆಸಿಕೊಂಡು, ಒಣ ವಿಭೂತಿ ತಂದು ಪೀಠಕ್ಕೆ ಮೂರು ಬೆರಳು ಎಳೆಯುತ್ತಾರೆ. ಆಮೇಲೆ ಅದೇ ಬೆರಳನ್ನು ಮೀನಾಳ ಹಣೆಗೆ, ಆಮೇಲೆ ತಾರಾಬಾಯಿಯವರ ಹಣೆಗೆ. ಕುಲಕರ್ಣಿ ಬಾಯಾರು ತಲೆ ಬಗ್ಗಿಸುತ್ತಾರೆ.

ಹತ್ತಕ್ಕೆ ಮುದ್ರಣಾಲಯದವರ ವಿಡಿಯೋ ಕರೆ ಬರುತ್ತದೆ, ಖೋಲಿಯ ಬಾಗಿಲು ಮುಚ್ಚುತ್ತದೆ. ಹೊರಗೆ ರಾಚವ್ವ ಕೂಸನ್ನು ಎತ್ತಿಕೊಂಡು ಕಾವಲು ನಿಲ್ಲುತ್ತಾರೆ. ಮಾತಾಡಿಸಲು ಬಂದ ಪಕ್ಕದ ಮನೆಯವರಿಗೆ ಬಾಯಿ ಮೇಲೆ ಬೆರಳಿಟ್ಟು ತೋರಿಸುತ್ತಾರೆ. ಒಳಗಿಂದ ಕೀಲಿಗಳ ಪಟಪಟ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿಲ್ಲ. ಸದ್ದು ನಿಂತಾಗಲೆಲ್ಲ ತಾರಾಬಾಯಿ ತಲೆ ಎತ್ತುತ್ತಾರೆ. ಮತ್ತೆ ಶುರುವಾದಾಗ ಇಳಿಸುತ್ತಾರೆ.

“ನಿಮ್ಮ ತಪ್ಪಲ್ಲಂತ ಗೊತ್ತಾತಲ್ರೀ, ಈಗರ ಸಮಾಧಾನ ಮಾಡ್ಕೋರಿ,” ಎಂದು ಪಿಸುಗುಡುತ್ತೇನೆ.

“ಹ್ಯಾಂಗ ನಂದಲ್ಲ? ಕಿಟಕಿ ಎಲ್ಲದ ಕೇಳಿದೆ, ಏನ್ ಮಾಡವ್ರು ಕೇಳಿದೆ, ಹಿಂದಿನ ಫೋಟೊ ಕೇಳಿದೆ. ಹೊಸಾ ಸಾಮಾನು ಮನಿಗೆ ಹೋದ್ರ ಮೊದಲ ಏನಾಗ್ತದ? ಪೂಜಿ ಆಗ್ತದ. ನಾನೂ ಇದ ನಾಡಾಗ ಹುಟ್ಟಿ ಬೆಳದಾಕಿ. ಅದನ್ನ ಕೇಳ್ಲಿಲ್ಲ ನೋಡ್ರಿ.”

ಬಾಗಿಲು ತೆರೆಯುತ್ತದೆ. ಮೀನಾಳ ಮುಖದಲ್ಲಿ ಏನಿದೆ ಅನ್ನುವುದು ಮೊದಲು ಗೊತ್ತಾಗುವುದಿಲ್ಲ. ಅತ್ತೆಯ ಕೈಯಿಂದ ಕೂಸನ್ನು ತೆಗೆದುಕೊಳ್ಳುತ್ತಾರೆ, ಆಮೇಲೆ ಹೇಳುತ್ತಾರೆ: “ಮುಂದಿನ ವಾರದಿಂದ ಪುಟ ಕಳಸ್ತೇವಿ ಅಂದ್ರು.”

ರಾಚವ್ವ ಈಗ ಅಳುತ್ತಾರೆ. ಹತ್ತು ದಾಟಿದೆ, ಅಳಬಹುದು.

“ಒತ್ತಕ್ಷರ ಛಲೋ ಕಂಡ್ವೇನು?” ತಾರಾಬಾಯಿಗೆ ಕೇಳಬೇಕಾದದ್ದು ಇದು.

ಮೀನಾ ಯೋಚಿಸುತ್ತಾರೆ. “ಅಲ್ರೀ ಬಾಯಾರ, ನಾ ಪರದೆ ಕಡೆ ಲಕ್ಷ್ಯನ ಕೊಡಲಿಲ್ಲ. ಐತಿ ಅನ್ನೋದ ಮರತಿದ್ದೆ.”

ಇದಕ್ಕಿಂತ ದೊಡ್ಡ ಮಾತು ಬೇಕಿಲ್ಲ ಅನ್ನುವಂತೆ ತಾರಾಬಾಯಿ ತಲೆದೂಗುತ್ತಾರೆ. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ ಉಣ್ಣದೆ ರಾಚವ್ವ ಬಿಡುವುದಿಲ್ಲ. ನಡೆದದ್ದನ್ನು ಬರೆಯಲೋ ಬೇಡವೋ ಎಂದು ನಾನು ಅವರನ್ನೇ ಕೇಳಿದಾಗ, “ಬರೀರಿ ಪೇಪರಿನವರ. ಮಂದಿಗೆ ತಿಳೀಲಿ,” ಎನ್ನುತ್ತಾರೆ. ಬೀಳ್ಕೊಡಲು ಬಂದಾಗ, ಕೆಟ್ಟ ಮಾನಿಟರ್ ಸುತ್ತಿದ ಕೌದಿಯನ್ನು ಸವರಿ, “ಇದಕ್ಕ ಹಚ್ಚಿದ್ರ ನಡೀತೈತೇನ್ರಿ?” ಎಂದು ಕೇಳಿ ನಗಿಸುತ್ತಾರೆ.

ವಾಪಸು ಬರುವ ಬಸ್ಸು ಖಾಲಿ ಇದೆ. ಗಂಟಿಗೆ ಈಗಲೂ ಕಿಟಕಿ ಪಕ್ಕದ ಸೀಟು. ಸಿಕ್ಕ ಮಟ್ಟಿಗೆ ಇದರೊಳಗಿನ ಸಾಮಾನು ಇನ್ನೊಂದು ಸೆಟ್ಟಿಗೆ ಬರುತ್ತದಂತೆ. “ಅಲ್ಲೀತನಕ ನಿಮ್ಮವರು ಏನ್ ನೋಡ್ತಾರ?” ಎಂದು ನಾನು ಕೇಳಿದರೆ, “ನನ್ನ ಮಾರಿ ನೋಡ್ತಾರ,” ಎನ್ನುತ್ತಾರೆ.

ಫೋನು ರಿಂಗಾಗುತ್ತದೆ. ರಾಮದುರ್ಗದಿಂದ ಯಾರೋ, ಮನೆಗೊಂದು ಮಾನಿಟರ್ ಬೇಕಂತೆ, ಕಡಿಮೆಯದು. ತಾರಾಬಾಯಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂರುತ್ತಾರೆ.

“ಯಾರು ಕೂಡವ್ರು ಅದರ ಮುಂದ? … ಕಿಟಕಿ ಎಲ್ಲದ? … ಹಿಂದಿನ ಫೋಟೊ ಕಳಸ್ರಿ.” ಸ್ವಲ್ಪ ತಡೆಯುತ್ತಾರೆ. ಹಣೆಯ ಮೇಲೆ ರಾಚವ್ವ ಹಚ್ಚಿದ ವಿಭೂತಿ ಇನ್ನೂ ಹಾಗೇ ಇದೆ. “ಮನ್ಯಾಗ ಪೂಜಿ ಯಾರು ಮಾಡ್ತಾರ? … ಅವ್ವಾರೇನು? ಹಂಗಾದ್ರ ಬರೋಮುಂದ ಅವರನ್ನೂ ಕರ್ಕೊಂಡ ಬರ್ರಿ.”